ಸಂದೇಶ ಬಂದರೂ ಪಿಟ್ಯುಟರಿಗೆ ಕೇಳಿಸದಿದ್ದಾಗ: ರಾಯಚೂರಿನ ಮಕ್ಕಳ ಡಾಕ್ಟರ್ ಅನುಭವ

ಮಗು ಕುಳ್ಳಗಿದೆ ಅಂತ ಯಾರಾದರೂ ಕರೆತಂದರೆ ನಾನು ಮೊದಲು ಕೇಳುವುದು ಹಳೆಯ ಅಳತೆಗಳನ್ನು. ತಾಯಿ ಕಾರ್ಡ್, ಅಂಗನವಾಡಿ ಪುಸ್ತಕ, ಏನಿದ್ದರೂ ಸರಿ. ಇವತ್ತಿನ ಎತ್ತರಕ್ಕಿಂತ, ವರ್ಷಕ್ಕೆ ಎಷ್ಟು ಬೆಳೆಯಿತು ಅನ್ನುವುದೇ ಮುಖ್ಯ.

ಸಿಂಧನೂರು ಕಡೆಯಿಂದ ಅಕ್ಕ, ತಮ್ಮ ಇಬ್ಬರನ್ನೂ ಒಟ್ಟಿಗೆ ಕರೆತಂದಿದ್ದರು. ಹುಟ್ಟಿದಾಗ ತೂಕ ಸರಿಯಾಗಿಯೇ ಇತ್ತು. ವರ್ಷ ತುಂಬಿದ ಮೇಲೆ ಬೆಳವಣಿಗೆ ಕುಂಟಿತು. ಕೈಕಾಲು ಮೈಗೆ ತಕ್ಕಂತಿವೆ, ಬುದ್ಧಿ ಚುರುಕು, ದನಿ ಮಾತ್ರ ತೆಳು. ಅಪ್ಪ, ಅವ್ವನ ಎತ್ತರದಲ್ಲಿ ಕೊರತೆಯಿಲ್ಲ. ಅವರದು ಸೋದರಮಾವನ ಮದುವೆ. "ಇವ್ರು ಸರಿಯಾಗಿ ಉಣ್ಣಂಗಿಲ್ರಿ ಡಾಕ್ಟ್ರೇ, ಅದಕ್ಕ ಹಿಂಗ" ಅಂದರು ಅಜ್ಜಿ. ಸೊಸೆ ತಲೆ ತಗ್ಗಿಸಿದಳು. ನನಗೆ ಅದೇ ಸಹಿಸಲಾಗಲಿಲ್ಲ.

ಥೈರಾಯ್ಡ್ ಸರಿಯಿತ್ತು. ಎಡಗೈ ಎಕ್ಸ್‌ರೇಯಲ್ಲಿ ಮೂಳೆ ವಯಸ್ಸು ತುಂಬಾ ಹಿಂದಿತ್ತು. ಬೆಳವಣಿಗೆ ಹಾರ್ಮೋನ್ ಇದ್ದರೆ ದೇಹ ತಯಾರಿಸುವ ಐಜಿಎಫ್-1 ಅನ್ನುವ ಅಂಶ ಕಡಿಮೆ. ಆಮೇಲೆ ಬೆಳವಣಿಗೆ ಹಾರ್ಮೋನ್ ಹೊರಬರುವಂತೆ ಪ್ರಚೋದಿಸಿ ನೋಡುವ ಕ್ಲೋನಿಡಿನ್ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ಕೊಟ್ಟು ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತೇವೆ. ಮಗುವಿಗೆ ನಿದ್ದೆ ಬರುತ್ತದೆ, ಬಿಪಿ ಇಳಿಯುತ್ತದೆ, ಪಕ್ಕದಲ್ಲೇ ಇರಬೇಕು. ಸಾಮಾನ್ಯವಾಗಿ ಬೆಳವಣಿಗೆ ಹಾರ್ಮೋನ್ ಮಿಲಿಲೀಟರ್‌ಗೆ 10 ನ್ಯಾನೋಗ್ರಾಂ ದಾಟಬೇಕು. ಇವರಲ್ಲಿ ಅಲುಗಾಡಲೇ ಇಲ್ಲ. ಇಂಥದ್ದೇ ಇನ್ನೊಂದು ಪರೀಕ್ಷೆ, ಗ್ಲುಕಗಾನ್‌ನದು, ಅದರಲ್ಲೂ ಅದೇ ಕಥೆ. ಎಂಆರ್‌ಐನಲ್ಲಿ ಮೆದುಳಿನ ಬುಡದಲ್ಲಿದ್ದು ಬೆಳವಣಿಗೆ ಹಾರ್ಮೋನ್ ತಯಾರಿಸುವ ಪಿಟ್ಯುಟರಿ ಗ್ರಂಥಿಯ ಮುಂಭಾಗ ಚಿಕ್ಕದು.

ಯಾಕೆ ಹೀಗೆ? ಮೆದುಳಿನ ಹೈಪೋಥಲಾಮಸ್ ಜಿಎಚ್‌ಆರ್‌ಎಚ್ ಅನ್ನುವ ಸಂದೇಶ ಕಳಿಸುತ್ತದೆ. ಪಿಟ್ಯುಟರಿ ಕೋಶದ ಮೇಲಿನ ರಿಸೆಪ್ಟರ್ ಅದನ್ನು ಹಿಡಿದರೆ ಒಳಗೆ ಸೈಕ್ಲಿಕ್ ಎಎಂಪಿ ಅನ್ನುವ ಒಳಸಂದೇಶ ಏರಿ, ಬೆಳವಣಿಗೆ ಹಾರ್ಮೋನ್ ತಯಾರಾಗಿ ಹೊರಬರುತ್ತದೆ. ಸೊಮ್ಯಾಟೊಸ್ಟ್ಯಾಟಿನ್ ಅನ್ನುವ ಇನ್ನೊಂದು ಸಂದೇಶ ಅದು ಹೊರಬರುವುದನ್ನು ತಡೆಯುತ್ತದೆ. ಆ ಕೋಶಗಳ ಸಂಖ್ಯೆ ಹೆಚ್ಚುವುದೂ ಜಿಎಚ್‌ಆರ್‌ಎಚ್ ಸಂದೇಶದಿಂದಲೇ. ಅದಕ್ಕೇ ರಿಸೆಪ್ಟರ್ ಕೆಟ್ಟರೆ ಗ್ರಂಥಿಯೂ ಸಣ್ಣದು. ಕ್ಲೋನಿಡಿನ್ ಕೆಲಸ ಮಾಡುವುದೂ ಬಹುಮಟ್ಟಿಗೆ ಈ ಸಂದೇಶದ ಮೂಲಕವೇ ಅಲ್ವಾ?

ಜೀನ್ ಪರೀಕ್ಷೆಯಲ್ಲಿ ಈ ರಿಸೆಪ್ಟರ್ ಜೀನಿನ 72ನೇ ಜಾಗದಲ್ಲಿ ಅಕಾಲಿಕ ನಿಲುಗಡೆ ಸಿಕ್ಕಿತು, ಅಂದರೆ ರಿಸೆಪ್ಟರ್ ತಯಾರಿ ಅರ್ಧಕ್ಕೇ ನಿಲ್ಲುತ್ತದೆ. ಭಾರತದ ಕುಟುಂಬಗಳಲ್ಲಿ ಪದೇ ಪದೇ ಕಾಣುವ ದೋಷ ಇದು. ಪಾಕಿಸ್ತಾನದ ಸಿಂಧ್‌ನ ಕುಳ್ಳರ ಬಗ್ಗೆ 1998ರಲ್ಲಿ ಬಂದ ವರದಿಯಲ್ಲೂ ಇದೇ ದೋಷವಿತ್ತು. ಬ್ರೆಜಿಲ್‌ನ ಇಟಬಯಾನಿನ್ಯಾ ಊರಿನ ಕುಳ್ಳರಲ್ಲಿ ಇದೇ ಜೀನಿನ ಬೇರೊಂದು ದೋಷವಿದೆ.

ಅಪ್ಪ ಭತ್ತ ಬೆಳೆಯುವವನು. "ನೀರು ಬಿಡು ಅಂತ ಆರ್ಡರ್ ಬಂದರೂ ಗೇಟಿನವನಿಗೆ ಕೇಳಿಸದಿದ್ದರೆ ಕಾಲುವೆ ಒಣಗೇ ಇರುತ್ತದೆ" ಅಂದೆ. ತಕ್ಷಣ ಹಿಡಿದ. ಅಜ್ಜಿಗೂ ಬಿಡಿಸಿ ಹೇಳಿದೆ: ಊಟದ ದೋಷವಲ್ಲ, ತಾಯಿಯದೂ ಅಲ್ಲ. ಅಪ್ಪ, ಅವ್ವ ಇಬ್ಬರ ಕಡೆಯಿಂದಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದಿದೆ.

ಸಮಾಧಾನದ ವಿಷಯ ಅಂದರೆ, ಇವರ ಲಿವರ್, ಮೂಳೆಗಳಲ್ಲಿ ಬೆಳವಣಿಗೆ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್‌ಗಳು ಸರಿಯಿವೆ. ಹೊರಗಿನಿಂದ ಕೊಟ್ಟ ಹಾರ್ಮೋನ್ ಕೆಲಸ ಮಾಡುತ್ತದೆ. ಲ್ಯಾರಾನ್ ಸಿಂಡ್ರೋಮ್ ಅನ್ನುವ ಬೇರೆ ಕಾಯಿಲೆಯಲ್ಲಿ ಆ ರಿಸೆಪ್ಟರೇ ಕೆಟ್ಟಿರುತ್ತದೆ. ಅಲ್ಲಿ ರಕ್ತದಲ್ಲಿ ಹಾರ್ಮೋನ್ ಬೇಕಾದಷ್ಟು, ಆದರೂ ಬೆಳವಣಿಗೆ ಇಲ್ಲ. ಅವರಿಗೆ ಈ ಇಂಜೆಕ್ಷನ್ ಕೊಟ್ಟರೆ ಸುಮ್ನೆ ದುಡ್ಡು ಹಾಳು.

ಈಗ ದಿನಾ ರಾತ್ರಿ ಅವ್ವನೇ ಇಂಜೆಕ್ಷನ್ ಕೊಡುತ್ತಾಳೆ. ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ನಮ್ಮ ಬೇಸಿಗೆಯಲ್ಲಿ ಕರೆಂಟ್ ಹೋದರೆ ಅದೇ ದೊಡ್ಡ ಚಿಂತೆ. ಇಬ್ಬರೂ ಬೆಳೆಯುತ್ತಿದ್ದಾರೆ.

ಹುಡುಗಿಯನ್ನು ಮುಂದೆ ಅವಳ ಸೋದರಮಾವನಿಗೇ ಕೊಡುವ ಮಾತು ಮನೆಯಲ್ಲಿದೆ. ಅವಳಿಂದ ಮಕ್ಕಳಿಗೆ ಕೆಟ್ಟ ಪ್ರತಿ ಹೋಗಿಯೇ ಹೋಗುತ್ತದೆ. ಅವನಲ್ಲೂ ಒಂದು ಇದ್ದರೆ, ಪ್ರತಿ ಬಸಿರಿನಲ್ಲೂ ಅರ್ಧಕ್ಕರ್ಧ ಅಪಾಯ. ಆ ಮಾತು ಬಿಟ್ಟುಬಿಡಿ ಅಂತಲೇ ಹೇಳಿದ್ದೇನೆ.