ಬಾಡಿದ ಗಿಡಕ್ಕೆ ನೀರು ಹಾಕುವ ಮುನ್ನ ಬೇರು ನೋಡಿ

ಕುಂಡದ ಮಣ್ಣು ಒದ್ದೆಯಿದೆ, ಆದರೂ ಎಲೆಗಳು ಜೋತುಬಿದ್ದಿವೆ. ಮನೆಯೊಳಗಿನ ಗಿಡ ಕೊಡುವ ಸೂಚನೆಗಳಲ್ಲಿ ತೀರಾ ಗಂಭೀರವಾದದ್ದು ಇದು. ನಾವೋ, ಪಾಪ ಬಾಯಾರಿದೆಯೇನೋ ಎಂದು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಅಷ್ಟರಲ್ಲಿ ಒಳಗೆ ಬೇರು ಉಸಿರು ಕಟ್ಟಿ ಸಾಯುತ್ತಿರುತ್ತದೆ.

ಒಂದು ಮಳೆಗಾಲ ನಮ್ಮ ಬಾಲ್ಕನಿಯ ಮಾನ್‌ಸ್ಟೆರಾ ಎಂಬ ಸೀಳೆಲೆಯ ಬಳ್ಳಿಗೆ ಹೀಗೇ ಆಯಿತು. ಕೆಳಗಿನ ಎರಡು ಎಲೆ ಹಳದಿಯಾದವು. ಕಾಂಡದ ಬುಡ ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗೆ. ಮಣ್ಣು ಕೆದಕಿದರೆ ಚರಂಡಿಯ ವಾಸನೆ. ಆಸೆಪಟ್ಟು ತಂದಿದ್ದ ಪಿಂಗಾಣಿ ಕುಂಡದ ತಳದಲ್ಲಿ ಒಂದೇ ಒಂದು ತೂತಿರಲಿಲ್ಲ.

ಮಾನ್‌ಸ್ಟೆರಾದ ತವರು ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಮಳೆಕಾಡು. ಅಲ್ಲಿ ಅದು ಮರ ಹಬ್ಬಿ, ಗಾಳಿಯಲ್ಲೂ ಬೇರು ಇಳಿಬಿಟ್ಟು ಬದುಕುತ್ತದೆ. ಮಳೆ ಎಷ್ಟು ಹೊಯ್ದರೂ ತರಗೆಲೆಯ ಸಡಿಲ ಹಾಸಿನಲ್ಲಿ ನೀರು ಇಳಿದುಹೋಗುತ್ತದೆ. ನರ್ಸರಿಯ ಅಂಟು ಕೆಮ್ಮಣ್ಣಿನಲ್ಲಿ ಹಾಗಾಗುವುದಿಲ್ಲ. ಮಣ್ಣಿನ ಸಂದಿಗಳಲ್ಲಿ ನೀರು ನಿಂತು ಗಾಳಿಗೆ ಜಾಗವೇ ಉಳಿಯುವುದಿಲ್ಲ. ಸೋತ ಬೇರಿನ ಮೇಲೆ ಪೈಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಬೀಳುತ್ತವೆ. ಅವುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡೇ ಬೇರಿನಿಂದ ಬೇರಿಗೆ ದಾಟುತ್ತವೆ. ಮಲೆನಾಡಿನವರಿಗೆ ಫೈಟಾಫ್ತೊರಾ ಹಳೆಯ ವೈರಿ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ ಎರಡರ ಹಿಂದೆಯೂ ಇದರ ಜಾತಿಗಳೇ ಇವೆ. ತೋಟಕ್ಕೆ ಬಸಿಗಾಲುವೆ ಯಾಕೆ ಬೇಕೋ, ಕುಂಡಕ್ಕೆ ತೂತು ಬೇಕಾದದ್ದೂ ಅದಕ್ಕೇ.

ಮೊದಲು ಹೊರಗೆ ತೆಗೆಯಿರಿ

ಒಣಗಲಿ, ನೋಡೋಣ ಎಂದು ಕಾಯಬೇಡಿ. ಕುಂಡವನ್ನು ಅಡ್ಡ ಮಲಗಿಸಿ, ಸುತ್ತಲೂ ತಟ್ಟಿ, ಬುಡ ಹಿಡಿದು ಮೆಲ್ಲಗೆ ಎಳೆಯಿರಿ. ಬೇರಿನ ಮಣ್ಣನ್ನು ನಲ್ಲಿಯ ಸಣ್ಣ ಧಾರೆಯಲ್ಲಿ ಪೂರ್ತಿ ತೊಳೆಯಿರಿ. ಕೈಗವಸು ಹಾಕಿಕೊಳ್ಳಿ. ಇದು ಕೆಸು, ಸುವರ್ಣಗೆಡ್ಡೆಯ ಕುಟುಂಬದ್ದೇ ಗಿಡ; ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ತಾಗಿದರೆ ತುರಿಸುತ್ತದೆ.

ಈಗ ಒಂದೊಂದೇ ಬೇರನ್ನು ಎರಡು ಬೆರಳ ನಡುವೆ ಹಿಡಿದು ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ಚೆನ್ನಾಗಿದೆ. ಬಲಿತ ಬೇರು ಕಂದಾಗಿರುವುದು ಸಹಜ, ಆದ್ದರಿಂದ ಬಣ್ಣ ನೋಡಿಯೇ ತೀರ್ಮಾನಿಸಬೇಡಿ, ಒತ್ತಿ ನೋಡಿ. ಕೊಳೆತದ್ದನ್ನು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಲೋಳೆಯಾಗಿ ಕೈಗೆ ಬಂದು, ಒಳಗಿನ ನಾರು ಮಾತ್ರ ಹೊಲಿಗೆ ದಾರದಂತೆ ಉಳಿಯುತ್ತದೆ. ಒಮ್ಮೆ ಕಂಡರೆ ಮತ್ತೆ ಗುರುತು ತಪ್ಪುವುದಿಲ್ಲ.

ಕತ್ತರಿ ಹಾಕುವಾಗ ಕರುಣೆ ಬೇಡ

ಹರಿತವಾದ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೊಳೆತ ಬೇರನ್ನು ಗಟ್ಟಿ ಭಾಗ ಸಿಗುವವರೆಗೂ ಕತ್ತರಿಸಿ. ಕತ್ತರಿಸಿದ ತುದಿ ಬೆಳ್ಳಗೆ ಕಾಣಬೇಕು. ನಡುವೆ ಕಂದು ಚುಕ್ಕೆಯಿದ್ದರೆ ಇನ್ನೂ ಮೇಲಕ್ಕೆ ಹೋಗಿ. ಅರ್ಧ ಇಂಚು ಉಳಿಸಲು ಹೋಗಿ ಇಡೀ ಗಿಡ ಕಳೆದುಕೊಂಡವರನ್ನು ನೋಡಿದ್ದೇನೆ. ಪ್ರತಿ ಬೇರಿಗೂ ಕತ್ತರಿ ಒರೆಸಿಕೊಳ್ಳಿ. ಹಳದಿ ಎಲೆ ತೆಗೆಯಿರಿ, ಹಸಿರು ಎಲೆ ಆದಷ್ಟು ಬಿಡಿ, ಹೊಸ ಬೇರಿಗೆ ಆಹಾರ ಅಲ್ಲಿಂದಲೇ ಬರಬೇಕು. ಗಾಯಕ್ಕೆ ಅರಿಶಿನ, ಚಕ್ಕೆಪುಡಿ ಮೆತ್ತುವವರಿದ್ದಾರೆ. ನಾನು ಮೆತ್ತುವುದಿಲ್ಲ, ಒಂದೆರಡು ಗಂಟೆ ನೆರಳಲ್ಲಿ ಆರಿಸಿದರೆ ಸಾಕು.

ಹೊಸ ಮನೆ

ಹಳೆಯ ಮಣ್ಣನ್ನು ಬೇರೆ ಗಿಡಗಳಿಗೆ ಹಾಕಬೇಡಿ. ಎರಡು ಪಾಲು ತೆಂಗಿನ ಸಿಪ್ಪೆಯ ತುಂಡು, ಎರಡು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು), ಒಂದು ಹಿಡಿ ಎರೆಗೊಬ್ಬರ. ಇದು ನನ್ನ ಲೆಕ್ಕ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉದುರಬೇಕು. ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಇದ್ದರೆ ಬೆರೆಸಿ, ಆದರೆ ಅದು ಮುಂದಿನ ಕಾವಲಿಗಷ್ಟೇ, ಕೊಳೆತದ್ದನ್ನು ಬದುಕಿಸುವುದಿಲ್ಲ.

ಕುಂಡ ಉಳಿದ ಬೇರಿನ ಗಾತ್ರಕ್ಕಿಂತ ಒಂದೆರಡು ಇಂಚು ಮಾತ್ರ ದೊಡ್ಡದಿರಲಿ. ತಳಕ್ಕೆ ಜಲ್ಲಿ ತುಂಬುವ ರೂಢಿ ಬಿಡಿ. ನೀರು ಜಲ್ಲಿಗೆ ಇಳಿಯದೆ ಅದರ ಮೇಲಿನ ಮಿಶ್ರಣದಲ್ಲೇ ನಿಲ್ಲುತ್ತದೆ, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಒಮ್ಮೆ ಚೆನ್ನಾಗಿ ನೀರು ಹಾಕಿ, ಬಸಿಯಲು ಬಿಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಆಮೇಲೆ ಬೆರಳನ್ನು ಎರಡು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ನಾಲ್ಕು ದಿನಕ್ಕೇ ಒಣಗುವ ಕುಂಡ ಆಷಾಢದಲ್ಲಿ ಹತ್ತು ದಿನ ಕಳೆದರೂ ಒದ್ದೆಯಿರಬಹುದು.

ಬೇರೇ ಉಳಿಯದಿದ್ದರೆ

ಕಾಂಡದ ಗಟ್ಟಿ ಭಾಗದಲ್ಲಿ ಒಂದು ಗಿಣ್ಣು, ಒಂದು ಎಲೆ ಇರುವಂತೆ ತುಂಡು ಮಾಡಿ. ಗಾಳಿಬೇರು ಇದ್ದರೆ ಇನ್ನೂ ಒಳ್ಳೆಯದು. ಗಾಜಿನ ಲೋಟದಲ್ಲಿ ಗಿಣ್ಣು ಮಾತ್ರ ಮುಳುಗುವಷ್ಟು ನೀರಿಡಿ, ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ. ನಮ್ಮ ಗಿಡದಲ್ಲಿ ಮೂರೇ ಬೇರು ಉಳಿದಿದ್ದವು. ಹಾಗಾಗಿ ತುದಿಯ ಒಂದು ತುಂಡನ್ನು ಹೀಗೆ ನೀರಿನಲ್ಲೂ ಇಟ್ಟೆ, ತಿಂಗಳೊಳಗೆ ಬಿಳಿ ಮೊಳಕೆಗಳು ಕಂಡವು. ಬೇರು ಎರಡು ಮೂರು ಇಂಚು ಬೆಳೆದ ಮೇಲೆ ಮಿಶ್ರಣಕ್ಕೆ ವರ್ಗಾಯಿಸಿ.

ಹೊಸ ಎಲೆ ಬಿಚ್ಚುವವರೆಗೂ ಗೊಬ್ಬರ ಬೇಡ. ಆ ಎಲೆ ಚಿಕ್ಕದಾಗಿ, ಸೀಳುಗಳಿಲ್ಲದೆ ಬಂದರೆ ಗಾಬರಿಯಾಗಬೇಡಿ. ಬೇರು ಬಲಿತಂತೆ, ಬೆಳಕು ಸಿಕ್ಕಂತೆ ಮುಂದಿನ ಎಲೆಗಳಲ್ಲಿ ಸೀಳುಗಳು ಮರಳಿ ಬರುತ್ತವೆ.