ಜಗುಲಿಯ ಮೇಲೆ ಮಿಡ್‌ವೇ ಕದನ

ನೌಕಾಪಡೆಯಲ್ಲಿ ಹದಿನೈದು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ವಿಮಾನ ತಳ್ಳುವುದು. ‘ವಿರಾಟ್‌ನಲ್ಲಿದ್ದೆ’ ಅಂದರೆ ಊರಲ್ಲಿ ಎಲ್ಲರೂ ನನ್ನನ್ನು ಪೈಲಟ್ ಅಂದುಕೊಳ್ಳುತ್ತಾರೆ. ನಾನು ಆ ವಿಮಾನವಾಹಕ ನೌಕೆಯ ಫ್ಲೈಟ್ ಡೆಕ್ಕಿನ, ಅಂದರೆ ವಿಮಾನ ಹಾರಿ ಇಳಿಯುವ ಮೇಲ್ಹಾಸಿನ, ಹ್ಯಾಂಡ್ಲರ್. ಗಾಲಿ ಉರುಳದಂತೆ ಚಾಕ್ ಎಂಬ ತಡೆಗಟ್ಟಿಗೆ ಇಡು, ಚಾಕ್ ತೆಗಿ, ಸರಪಳಿ ಬಿಗಿ, ಟ್ರಾಕ್ಟರಿನವನಿಗೆ ಕೈಸನ್ನೆ ಮಾಡು, ಲಿಫ್ಟಿಗೆ ಹತ್ತಿಸು, ಕೆಳಗೆ ವಿಮಾನದ ಕೊಟ್ಟಿಗೆಯಲ್ಲಿ, ಅಂದರೆ ಹ್ಯಾಂಗರಿನಲ್ಲಿ, ರೆಕ್ಕೆಗೆ ರೆಕ್ಕೆ ತಾಗದ ಹಾಗೆ ನಿಲ್ಲಿಸು. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ.

ಹೊಸ ಹುಡುಗರು ಹಡಗಿಗೆ ಬಂದಾಗ ಅವರಿಗೆ ಒಂದು ಕಥೆ ಹೇಳುತ್ತಿದ್ದೆ. ನನಗೂ ಹಿರಿಯರು ಹೇಳಿದ್ದೇ. 1942ರ ಜೂನ್ 4, ಪೆಸಿಫಿಕ್ ಸಾಗರ, ಮಿಡ್‌ವೇ ದ್ವೀಪದ ವಾಯವ್ಯಕ್ಕೆ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು: ಅಕಾಗಿ, ಕಾಗಾ, ಸೋರ್ಯು, ಹಿರ್ಯು. ಬೆಳಿಗ್ಗೆ ಹತ್ತೂ ಇಪ್ಪತ್ತರ ಹೊತ್ತಿಗೆ ಡೆಕ್ಕಿನ ತುಂಬ ಬಾಂಬು, ಟಾರ್ಪಿಡೊ ಹೊತ್ತ ವಿಮಾನಗಳು ಎಂಜಿನ್ ಚಾಲೂ ಮಾಡಿಕೊಂಡು ಸಾಲಾಗಿ ನಿಂತಿವೆ. ಇನ್ನೈದು ನಿಮಿಷ ಸಿಕ್ಕಿದ್ದರೆ ಎಲ್ಲ ಹಾರಿರುತ್ತಿದ್ದವು. ಅಷ್ಟರಲ್ಲಿ ಮೋಡದ ಸಂದಿಯಿಂದ ಅಮೆರಿಕದ ಡೈವ್ ಬಾಂಬರ್‌ಗಳು ಎರಗಿದವು. ಐದು ನಿಮಿಷದಲ್ಲಿ ಮೂರು ಹಡಗು ಬೆಂಕಿ. ‘ನೋಡ್ರೋ, ಚಾಕ್ ತೆಗೆಯೋಕೆ ಐದು ನಿಮಿಷ ತಡ ಮಾಡಿದ್ರೆ ಏನಾಗುತ್ತೆ’ ಎಂದು ಕಥೆ ಮುಗಿಸುತ್ತಿದ್ದೆ. ಹುಡುಗರು ಬಾಯಿ ಬಿಟ್ಟು ಕೇಳುತ್ತಿದ್ದರು.

ಕಥೆ ತಪ್ಪು. ಆ ಹೊತ್ತಿಗೆ ಆ ವಿಮಾನಗಳು ಡೆಕ್ಕಿನ ಮೇಲೆ ಇರಲೇ ಇಲ್ಲ. ಜಪಾನಿ ಹಡಗುಗಳ ವಿಮಾನ ದಾಖಲೆಗಳನ್ನು ಕೂಡಿಸಿ ನೋಡಿದ ಸಂಶೋಧಕರು ಇದನ್ನು ಹೇಳಿ ಎಷ್ಟೋ ವರ್ಷವಾಗಿದೆ. ನನಗೆ ತಿಳಿದದ್ದು ನಿವೃತ್ತನಾಗಿ ಕುಮಟೆಯ ಮನೆಗೆ ಬಂದ ಮೇಲೆ. ಓದಿದಾಗ ನಾಚಿಕೆಯಾಯಿತು. ಇದು ಇತಿಹಾಸಕಾರರಿಗಿಂತ ಮೊದಲು ನನ್ನಂಥವನಿಗೆ ಹೊಳೆಯಬೇಕಿತ್ತಲ್ಲ! ಡೆಕ್ಕಿಗೆ ವಿಮಾನ ತಂದು ನಿಲ್ಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ ಕಳೆದ ಜೂನ್ ಮೊದಲ ವಾರ, ಮಳೆ ಹಿಡಿದು ಹೊರಗೆ ಕಾಲಿಡಲಾಗದೆ ಕೂತಿದ್ದಾಗ, ಇಡೀ ಬೆಳಗನ್ನು ಜಗುಲಿಯ ಮೇಲೆ ಕೈಯಾರೆ ಮಾಡಿ ನೋಡೋಣ ಅನ್ನಿಸಿತು.

ಹಡಗಿನಲ್ಲಿ ನಮಗೊಂದು ಮೇಜು ಇರುತ್ತದೆ. ಅದರ ಮೇಲೆ ಡೆಕ್ಕಿನ ನಕ್ಷೆ, ವಿಮಾನದ ಆಕಾರದ ಸಣ್ಣ ಬಿಲ್ಲೆಗಳು. ಯಾವುದು ಎಲ್ಲಿ ನಿಂತಿದೆ, ಯಾವುದನ್ನು ಸರಿಸಿದರೆ ಯಾವುದಕ್ಕೆ ದಾರಿ ಎಂದು ಅಲ್ಲೇ ಸರಿಸಿ ನೋಡಿ ಆಮೇಲೆ ಮೇಲೆ ಹೋಗಿ ತಳ್ಳುವುದು. ನಾನು ಮಾಡಿದ್ದೂ ಅದನ್ನೇ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಚ್ಚಿ, ಇನ್ನೂರಕ್ಕೆ ಒಂದರ ಅಳತೆಯಲ್ಲಿ ಅಕಾಗಿಯ ಡೆಕ್ ಕತ್ತರಿಸಿದೆ. ಸುಮಾರು 249 ಮೀಟರ್ ಉದ್ದದ ಡೆಕ್ ಒಂದೂಕಾಲು ಮೀಟರ್ ಆಯಿತು, ಅಗಲ ಒಂದು ಗೇಣಿಗಿಂತ ಕಡಿಮೆ. ಮೂರು ಲಿಫ್ಟಿಗೆ ಮೂರು ಕಿಂಡಿ. ಕೆಳಗೆ ಹ್ಯಾಂಗರಿಗೆ ಇನ್ನೊಂದು ರಟ್ಟು. ವಿಮಾನಗಳಿಗೆ ಹಳೆಯ ಲಗ್ನಪತ್ರಿಕೆಗಳು. ನಮ್ಮ ಮನೆಯಲ್ಲಿ ಅವಕ್ಕೆ ಬರವಿಲ್ಲ.

ಕತ್ತರಿಸುವಾಗಲೇ ಮೊದಲ ಪಾಠ. ಅಮೆರಿಕನ್ನರು ‘ಕೇಟ್’ ಎಂದು ಕರೆಯುತ್ತಿದ್ದ ಜಪಾನಿ ಟಾರ್ಪಿಡೊ ವಿಮಾನದ ರೆಕ್ಕೆಯ ಹರವು ಹದಿನೈದೂವರೆ ಮೀಟರ್, ನನ್ನ ಅಳತೆಯಲ್ಲಿ ಏಳೂಮುಕ್ಕಾಲು ಸೆಂಟಿಮೀಟರ್. ಡೆಕ್ಕಿನ ಅಗಲ ಹದಿನೈದು ಸೆಂಟಿಮೀಟರ್ ಚಿಲ್ಲರೆ. ಎರಡು ಕೇಟ್ ರೆಕ್ಕೆ ಬಿಚ್ಚಿ ಪಕ್ಕಪಕ್ಕ ನಿಂತರೆ ಡೆಕ್ ಸಾಲುವುದಿಲ್ಲ. ಒಂದನ್ನು ಮುಂದೆ, ಒಂದನ್ನು ಹಿಂದೆ, ಓರೆಯಾಗಿ ನಿಲ್ಲಿಸಬೇಕು. ಹದಿನೆಂಟನ್ನು ಹಾಗೆ ಜೋಡಿಸಿ, ಮುಂದೆ ಝೀರೊ ಫೈಟರ್‌ಗಳನ್ನಿಟ್ಟಾಗ ಡೆಕ್ಕಿನ ಹಿಂಭಾಗ ಪೂರ್ತಿ ತುಂಬಿಹೋಯಿತು. ಆಗ ಒಂದೇ ಒಂದು ವಿಮಾನ ಇಳಿಯಲಿಕ್ಕೂ ಜಾಗವಿಲ್ಲ. ಈಗಿನ ದೊಡ್ಡ ಹಡಗುಗಳ ಓರೆ ಡೆಕ್ ಆಗ ಇರಲಿಲ್ಲ. ಹಾರಿಸುವುದು ಇಲ್ಲವೇ ಇಳಿಸುವುದು, ಎರಡರಲ್ಲೊಂದು.

ಎರಡನೆಯದು ಹೊತ್ತು. ಟಾರ್ಪಿಡೊ ಹೊತ್ತ ಕೇಟ್ ಸುಮಾರು 4 ಟನ್. ಮಡಚಿದ ರೆಕ್ಕೆಯಲ್ಲಿ ಅದನ್ನು ಲಿಫ್ಟಿಗೆ ತಳ್ಳಬೇಕು, ಮೇಲೆ ತರಬೇಕು, ಹಿಂದಕ್ಕೆ ಒಯ್ಯಬೇಕು, ರೆಕ್ಕೆ ಬಿಚ್ಚಬೇಕು, ಚಾಕ್ ಹಾಕಬೇಕು. ಅವರ ಹ್ಯಾಂಗರ್ ನಾಲ್ಕೂ ಕಡೆ ಮುಚ್ಚಿದ್ದು. ಹೊಗೆಯಿಂದಾಗಿ ಒಳಗೆ ಎಂಜಿನ್ ಬಿಸಿ ಮಾಡುವಂತಿಲ್ಲ, ಅದೂ ಮೇಲೆಯೇ. ಎಲ್ಲ ಕೂಡಿಸಿದರೆ ನನ್ನ ಲೆಕ್ಕಕ್ಕೆ ಮುಕ್ಕಾಲು ಗಂಟೆ ಬಂತು. ಸಂಶೋಧಕರೂ ಅಷ್ಟೇ ಹೇಳುತ್ತಾರೆ ಎಂದು ನೋಡಿದಾಗ ಸ್ವಲ್ಪ ಮೀಸೆ ತಿರುವಿದೆ ಅನ್ನಿ.

ಆಟಕ್ಕೆ ಮಗಳನ್ನು ಕರೆದೆ. ಒಂಬತ್ತನೇ ಕ್ಲಾಸು. ‘ನೀನು ಅಡ್ಮಿರಲ್ ನಗುಮೊ, ಈ ನಾಲ್ಕು ಹಡಗುಗಳ ದಂಡನಾಯಕ’ ಅಂದೆ. ‘ಸೋಲೋ ಪಾರ್ಟು ನಂಗೆ ಯಾಕೆ?’ ಅಂದಳು. ‘ಸೋಲದ ಹಾಗೆ ಮಾಡು ನೋಡೋಣ’ ಅಂದೆ. ಅಸಲಿನ ಒಂದು ನಿಮಿಷಕ್ಕೆ ನಮ್ಮ ಹತ್ತು ಸೆಕೆಂಡು. ಮೊಬೈಲಿನಲ್ಲಿ ಸ್ಟಾಪ್‌ವಾಚ್. ನಾನು ಗಂಟೆ ಓದಿ ಸುದ್ದಿ ಕೊಡುವುದು, ಅವಳು ಅಪ್ಪಣೆ ಕೊಡುವುದು. ಅಮೆರಿಕನ್ನರ ಪ್ರತಿ ದಾಳಿಗೆ ಡೆಕ್ಕಿನ ಪಕ್ಕ ಒಂದು ಹುಣಸೆಬೀಜ.

ನಾಲ್ಕೂವರೆಗೆ ಅವಳ 108 ವಿಮಾನಗಳು ಮಿಡ್‌ವೇ ದ್ವೀಪಕ್ಕೆ ದಾಳಿಗೆ ಹೊರಟವು. ಹಡಗುಗಳೇನಾದರೂ ಕಂಡರೆ ಇರಲಿ ಎಂದು ಉಳಿದ ಅರ್ಧ ಹ್ಯಾಂಗರಿನಲ್ಲಿ: ಅಕಾಗಿ, ಕಾಗಾದಲ್ಲಿ ಟಾರ್ಪಿಡೊ ಕಟ್ಟಿದ ಕೇಟ್‌ಗಳು, ಸೋರ್ಯು, ಹಿರ್ಯುವಿನಲ್ಲಿ ಡೈವ್ ಬಾಂಬರ್‌ಗಳು. ಏಳಕ್ಕೆ ದ್ವೀಪದ ಮೇಲಿಂದ ದಾಳಿಯ ಮುಖಂಡ ಟೊಮೊನಾಗನ ಸಂದೇಶ: ಇನ್ನೊಂದು ದಾಳಿ ಬೇಕು. ಏಳೂಕಾಲಿಗೆ ನಗುಮೊ ಟಾರ್ಪಿಡೊ ಬಿಚ್ಚಿ ಬಾಂಬು ಕಟ್ಟಿ ಅಂದ. ಮಗಳೂ ಹಾಗೇ ಅಂದಳು. ಶತ್ರುವಿನ ಹಡಗು ಇದೆ ಎಂದು ಅವಳಿಗೆ ಯಾರೂ ಹೇಳಿಲ್ಲವಲ್ಲ. ಏಳು ಇಪ್ಪತ್ತೆಂಟಕ್ಕೆ, ಟೋನೆ ಎಂಬ ಕ್ರೂಸರಿನಿಂದ ಅರ್ಧ ಗಂಟೆ ತಡವಾಗಿ ಹೊರಟಿದ್ದ ಬೇಹು ವಿಮಾನದ ಸುದ್ದಿ: ಹತ್ತು ಹಡಗು ಕಾಣುತ್ತಿವೆ. ಏಳೂಮುಕ್ಕಾಲಿಗೆ ‘ಬಿಚ್ಚೋದು ನಿಲ್ಲಿಸಿ’ ಎಂಬ ಅಪ್ಪಣೆ. ಎಂಟೂ ಇಪ್ಪತ್ತಕ್ಕೆ ‘ಅದರಲ್ಲಿ ಒಂದು ವಿಮಾನವಾಹಕ ಇರುವ ಹಾಗಿದೆ’ ಎಂಬ ಇನ್ನೊಂದು ಸುದ್ದಿ. ಅಷ್ಟರಲ್ಲಿ ಮಿಡ್‌ವೇ ದ್ವೀಪದಿಂದ ಬಂದ ದಾಳಿಗಳು ಒಂದರ ಹಿಂದೆ ಒಂದು. ಒಂದು ಬಾಂಬೂ ತಾಗಲಿಲ್ಲ, ಆದರೆ ಹುಣಸೆಬೀಜ ರಾಶಿಯಾಯಿತು.

‘ಹಿರ್ಯು, ಸೋರ್ಯುನಲ್ಲಿ ಇರೋದನ್ನ ಈಗಲೇ ಕಳಿಸ್ತೇನೆ’ ಅಂದಳು. ಹಿರ್ಯುವಿನಲ್ಲಿದ್ದ ಅಡ್ಮಿರಲ್ ಯಾಮಗುಚಿ ಕೇಳಿದ್ದೂ ಅದನ್ನೇ.

‘ಕಳಿಸು. ಜೊತೆಗೆ ಕಾವಲಿಗೆ ಝೀರೊ ಎಲ್ಲಿವೆ?’

ಡೆಕ್ ನೋಡಿದಳು. ಝೀರೊಗಳೆಲ್ಲ ಆಕಾಶದಲ್ಲಿ, ದಾಳಿ ತಡೆಯುವುದರಲ್ಲಿ. ಅವುಗಳ 20 ಮಿಲಿಮೀಟರ್ ತೋಪಿಗೆ ಒಂದೊಂದಕ್ಕೆ 60 ಗುಂಡು ಮಾತ್ರ. ಖಾಲಿಯಾದರೆ ಇಳಿಯಬೇಕು, ತುಂಬಿಸಿಕೊಂಡು ಮತ್ತೆ ಹಾರಬೇಕು.

‘ಇಳಿಸಿ ಎಣ್ಣೆ ತುಂಬಿಸ್ತೇನೆ.’

‘ಸರಿ. ಡೈವ್ ಬಾಂಬರ್ ಮೇಲೆ ತರೋಕೆ ಮುಕ್ಕಾಲು ಗಂಟೆ. ಈಗ ಎಂಟೂವರೆ. ನಾಲ್ಕೂವರೆಗೆ ಹೋಗಿದ್ದ ನೂರು ವಿಮಾನ ತಲೆ ಮೇಲೆ ಸುತ್ತುತ್ತಾ ಇವೆ, ಎಣ್ಣೆ ಮುಗೀತಾ ಬಂದಿದೆ, ಕೆಲವಕ್ಕೆ ಗುಂಡು ಬಿದ್ದಿದೆ. ಅವು?’

ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಅವಳು ಉಗುರು ಕಚ್ಚುತ್ತ ಕೂತಳು. ಆಮೇಲೆ ‘ಅವರನ್ನ ಇಳಿಸು’ ಅಂದಳು. ನಗುಮೊ ಕೂಡ ಅದನ್ನೇ ಮಾಡಿದ. ಎಂಟೂ ಮೂವತ್ತೇಳರಿಂದ ಒಂಬತ್ತೂ ಹದಿನೆಂಟರ ತನಕ ಬರೀ ಇಳಿಸುವುದೇ.

ನಗುಮೊನನ್ನು ಹೇಡಿ, ಪೆದ್ದ ಅನ್ನುವವರು ಬಹಳ. ನಾನೂ ಅಂದಿದ್ದೇನೆ. ಬಿಲ್ಲೆ ಸರಿಸಿದ ಮೇಲೆ ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಎಂಟೂವರೆಗೆ ಅವನ ಕೈಯಲ್ಲಿ ಒಳ್ಳೆಯ ದಾರಿ ಉಳಿದಿರಲೇ ಇಲ್ಲ. ಅವನ ತಪ್ಪು ಬೆಳಗಿನ ಜಾವದ್ದು: ಅಷ್ಟು ದೊಡ್ಡ ಸಮುದ್ರ ಹುಡುಕಲು ಏಳೇ ಬೇಹು ವಿಮಾನ ಕಳಿಸಿದ್ದು. ಅಮೆರಿಕನ್ನರು ಜಪಾನಿ ಸಂಕೇತಗಳನ್ನು ಒಡೆದು ಓದಿ ಮೊದಲೇ ಬಂದು ಕಾಯುತ್ತಿದ್ದಾರೆ ಎಂದು ಅವನಿಗೆ ಕನಸೂ ಬಿದ್ದಿರಲಿಲ್ಲ.

ಒಂಬತ್ತೂ ಹದಿನೆಂಟಕ್ಕೆ ಮಗಳು ‘ಈಗ ಎಲ್ಲ ಮೇಲೆ ತನ್ನಿ’ ಅಂದಳು. ಮುಕ್ಕಾಲು ಗಂಟೆ ಕೂಡಿಸಿ, ಹತ್ತೂ ಐದಕ್ಕೆ ರೆಡಿ. ‘ಗೆದ್ದೆ!’ ಅಂತ ಕುಣಿದಳು. ನಾನು ಮತ್ತೊಂದು ಹುಣಸೆಬೀಜ ಇಟ್ಟೆ. ಒಂಬತ್ತೂ ಇಪ್ಪತ್ತು, ಅಮೆರಿಕದ ವಿಮಾನವಾಹಕ ಹಾರ್ನೆಟ್‌ನ 15 ಟಾರ್ಪಿಡೊ ವಿಮಾನ. ಎಲ್ಲ ಹದಿನೈದೂ ಸಮುದ್ರಕ್ಕೆ ಬಿದ್ದವು. ಮೂವತ್ತು ಜನರಲ್ಲಿ ಉಳಿದವನು ಜಾರ್ಜ್ ಗೇ ಒಬ್ಬ. ಒಂಬತ್ತೂ ನಲವತ್ತಕ್ಕೆ ಎಂಟರ್‌ಪ್ರೈಸ್‌ನ ಟಾರ್ಪಿಡೊ ತಂಡ. ಹತ್ತೂ ಹತ್ತರ ಸುಮಾರಿಗೆ ಯಾರ್ಕ್‌ಟೌನ್‌ನದು. ಪ್ರತಿ ಬೀಜಕ್ಕೂ ಹಡಗು ಗರಗರ ತಿರುಗಬೇಕು. ವಾಲುವ ಡೆಕ್ಕಿನ ಮೇಲೆ ನಾಲ್ಕು ಟನ್ ತಳ್ಳಿ ನೋಡಿದವರಿಗೆ ಗೊತ್ತು ಅದೇನು ಎಂದು. ಮೇಲಿಂದ ಗುಂಡು ಖಾಲಿಯಾದ ಝೀರೊಗಳು ಇಳಿಯುತ್ತಲೇ ಇರಬೇಕು. ಒಂದು ಝೀರೊ ಇಳಿಯಬೇಕಾದರೆ ಹಿಂದಿನ ಡೆಕ್ ಖಾಲಿ ಇರಲೇಬೇಕು. ಮೂರು ಸಲ ಆಡಿದೆವು. ಮೂರು ಸಲವೂ ಹತ್ತೂ ಇಪ್ಪತ್ತೆರಡಕ್ಕೆ ಅವಳ ಡೆಕ್ಕಿನ ಮೇಲೆ ಇದ್ದದ್ದು ಮೂರ್ನಾಲ್ಕು ಝೀರೊ. ಕೇಟ್‌ಗಳೆಲ್ಲ ಕೆಳಗೆ ಹ್ಯಾಂಗರಿನಲ್ಲೇ.

ಆ ಟಾರ್ಪಿಡೊ ಪೈಲಟ್‌ಗಳು ಝೀರೊಗಳನ್ನು ನೀರಿನ ಮಟ್ಟಕ್ಕೆ ಎಳೆದುದರಿಂದ ಮೇಲೆ ಆಕಾಶ ಖಾಲಿಯಾಯಿತು ಎಂದು ಹೇಳುತ್ತಾರೆ. ಕೊನೆಯ ತಂಡದ ಮಟ್ಟಿಗೆ ಸರಿ. ಒಂಬತ್ತೂ ಇಪ್ಪತ್ತಕ್ಕೆ ಸತ್ತವರ ಮಟ್ಟಿಗೆ ಸರಿಯಲ್ಲ, ಒಂದು ಗಂಟೆಯಲ್ಲಿ ಝೀರೊ ಎಷ್ಟು ಸಲ ಬೇಕಾದರೂ ಮೇಲೇರಬಹುದು. ಅವರು ಕಸಿದುಕೊಂಡದ್ದು ಎತ್ತರವನ್ನಲ್ಲ, ಡೆಕ್ಕಿನ ಹೊತ್ತನ್ನು.

ಅಮೆರಿಕನ್ನರ ಕಡೆಯದನ್ನು ಜಗುಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಅದರಲ್ಲಿ ನನಗೆ ಅಷ್ಟು ಪರಿಣತಿಯಿಲ್ಲ, ಚುಟುಕಾಗಿ ಹೇಳುತ್ತೇನೆ. ಬೆಳಿಗ್ಗೆ ಬಂದ ವರದಿಯಂತೆ ಜಪಾನಿಗಳು ದ್ವೀಪದಿಂದ 180 ಮೈಲಿ ದೂರ, 25 ನಾಟ್ ವೇಗದಲ್ಲಿ ಆಗ್ನೇಯಕ್ಕೆ. ಅದೇ ಗೆರೆ ಎಳೆದರೆ ಒಂಬತ್ತೂ ಇಪ್ಪತ್ತಕ್ಕೆ ದ್ವೀಪಕ್ಕೆ ತೊಂಬತ್ತು ಚಿಲ್ಲರೆ ಮೈಲಿ ಸಮೀಪ ಬಂದಿರಬೇಕು. ಎಂಟರ್‌ಪ್ರೈಸ್‌ನ ವೇಡ್ ಮೆಕ್‌ಕ್ಲಸ್ಕಿ ತನ್ನ ಮೂವತ್ತಕ್ಕೂ ಹೆಚ್ಚು ಡೈವ್ ಬಾಂಬರ್‌ಗಳನ್ನು ಲೆಕ್ಕ ಹಾಕಿದ ಜಾಗಕ್ಕೆ ತಂದರೆ ಬರೀ ನೀರು. ದಾಳಿ ತಪ್ಪಿಸಿಕೊಳ್ಳುತ್ತ ಸುತ್ತಾಡಿದ್ದ ನಗುಮೊ ಅಷ್ಟು ದೂರ ಬಂದೇ ಇರಲಿಲ್ಲ. ಮೇಲಾಗಿ ವಿಮಾನ ಇಳಿಸಿಕೊಂಡ ಕೂಡಲೇ ಈಶಾನ್ಯಕ್ಕೆ ತಿರುಗಿದ್ದ. ಮೆಕ್‌ಕ್ಲಸ್ಕಿ ಇನ್ನೊಂದು 35 ಮೈಲಿ ಅದೇ ದಿಕ್ಕಿನಲ್ಲಿ ಹೋಗಿ ವಾಯವ್ಯಕ್ಕೆ ತಿರುಗಿದ. ಹತ್ತಕ್ಕೆ ಐದು ನಿಮಿಷವಿದ್ದಾಗ ಕೆಳಗೆ ಒಂಟಿ ಜಪಾನಿ ಡಿಸ್ಟ್ರಾಯರ್ ಹಡಗು, ಅರಾಶಿ. ಅಮೆರಿಕದ ನಾಟಿಲಸ್ ಎಂಬ ಜಲಾಂತರ್ಗಾಮಿಯನ್ನು ಅಟ್ಟಲು ಹಿಂದೆ ಉಳಿದಿದ್ದದ್ದು, ಈಗ ತನ್ನವರನ್ನು ಸೇರಲು ಓಡುತ್ತಿತ್ತು. ಅದರ ಮೂತಿ ತೋರಿದ ಕಡೆಗೆ ಇವನೂ ತಿರುಗಿದ.

ಅದೇ ಹೊತ್ತಿಗೆ ಯಾರ್ಕ್‌ಟೌನ್‌ನಿಂದ ಬಂದ ಲೆಸ್ಲಿಯ ಡೈವ್ ಬಾಂಬರ್ ತಂಡ ಸೋರ್ಯು ಮೇಲೆ ಎರಗಿತು. ಲೆಸ್ಲಿಯ ಸ್ವಂತ ಬಾಂಬು ಸ್ವಿಚ್ಚಿನ ದೋಷದಿಂದ ದಾರಿಯಲ್ಲೇ ಸಮುದ್ರಕ್ಕೆ ಬಿದ್ದುಹೋಗಿತ್ತು. ಆದರೂ ಮುಂದೆ ನಿಂತು ಧುಮುಕಿದ. ಎಂಟರ್‌ಪ್ರೈಸ್‌ನವರು ಹೆಚ್ಚುಕಡಿಮೆ ಎಲ್ಲರೂ ಕಾಗಾ ಮೇಲೆಯೇ ಬಿದ್ದರು; ಡಿಕ್ ಬೆಸ್ಟ್ ಮತ್ತು ಇನ್ನಿಬ್ಬರು ಮಾತ್ರ ಅಕಾಗಿಯ ಕಡೆ ತಿರುಗಿದರು. ಅಕಾಗಿಗೆ ನೇರವಾಗಿ ತಾಗಿದ್ದು ಒಂದೇ ಬಾಂಬು, ನಡುವಿನ ಲಿಫ್ಟಿನ ಹಿಂದಿನ ಅಂಚಿಗೆ. ಅದು ಡೆಕ್ ತೂರಿ ಹ್ಯಾಂಗರಿನಲ್ಲಿ ಸಿಡಿಯಿತು.

ಒಂದೇ ಬಾಂಬಿಗೆ ಅಂಥ ಹಡಗು ಹೋಗುತ್ತದೆಯೇ ಎಂದು ಮಗಳು ಕೇಳಿದಳು. ಹ್ಯಾಂಗರಿನ ರಟ್ಟು ತೋರಿಸಿದೆ. ಎಣ್ಣೆ ತುಂಬಿದ ಕೇಟ್‌ಗಳು, ಟಾರ್ಪಿಡೊಗಳು. ಮದ್ದಿನ ಕೋಣೆಗೆ ಹಿಂದಿರುಗಿಸಲು ಪುರಸೊತ್ತಿಲ್ಲದೆ ಪಕ್ಕದಲ್ಲೇ ಬಿಟ್ಟ ಬಾಂಬುಗಳು. ಸುತ್ತ ಮುಚ್ಚಿದ ಗೋಡೆ. ಬೆಳಿಗ್ಗೆಯಿಂದ ಬಿಚ್ಚು, ಕಟ್ಟು, ನಿಲ್ಲಿಸು, ಮತ್ತೆ ಬಿಚ್ಚು ಎಂಬ ಅಪ್ಪಣೆಗಳ ಫಲ ಅದು. ಯಾರ್ಕ್‌ಟೌನ್‌ನವರು ಮಧ್ಯಾಹ್ನ ಹಿರ್ಯುವಿನ ವಿಮಾನಗಳು ಬರುವ ಮೊದಲೇ ಪೆಟ್ರೋಲ್ ಪೈಪುಗಳನ್ನು ಖಾಲಿ ಮಾಡಿ ಇಂಗಾಲದ ಡೈಆಕ್ಸೈಡ್ ತುಂಬಿಸಿದ್ದರು. ಮೂರು ಬಾಂಬು ತಿಂದ ಆ ಹಡಗು ಎರಡು ಗಂಟೆಯಲ್ಲಿ ಮತ್ತೆ ಓಡತೊಡಗಿ, ಎರಡನೇ ಸಲ ಬಂದ ಜಪಾನಿಗಳು ಇದು ಬೇರೆ ಹಡಗು ಅಂದುಕೊಂಡರು. ಆಮೇಲೆ ಟಾರ್ಪಿಡೊ ತಾಗಿ ಅದೂ ನಿಂತಿತು, ಜೂನ್ 7ರಂದು ಮುಳುಗಿತು. ಆದರೆ ಹಿರ್ಯುವೂ ಉಳಿಯಲಿಲ್ಲ. ಸಂಜೆ ಐದಕ್ಕೆ ಅದಕ್ಕೂ ಬಾಂಬು ಬಿತ್ತು.

ಮರುದಿನ ಬೆಳಗಾಗುವಷ್ಟರಲ್ಲಿ ಪರ್ಲ್ ಹಾರ್ಬರ್‌ಗೆ ದಾಳಿಗೆ ಹೋಗಿದ್ದ ಆರು ವಿಮಾನವಾಹಕಗಳಲ್ಲಿ ನಾಲ್ಕು ಲೆಕ್ಕಕ್ಕಿಲ್ಲ. ಜಪಾನಿನ ಒಳ್ಳೊಳ್ಳೆಯ ಪೈಲಟ್‌ಗಳೆಲ್ಲ ಅಲ್ಲೇ ಸತ್ತರು ಎಂದೂ ಹುಡುಗರಿಗೆ ಹೇಳುತ್ತಿದ್ದೆ. ಅದೂ ಸುಳ್ಳು. ಸತ್ತ ವಿಮಾನ ಸಿಬ್ಬಂದಿ ಸುಮಾರು 110. ಸತ್ತ ಮೆಕ್ಯಾನಿಕ್‌ಗಳು, ವಿಮಾನ ನೋಡಿಕೊಳ್ಳುವ ಹುಡುಗರು 700ಕ್ಕೂ ಹೆಚ್ಚು. ಕಾಗಾ ಒಂದರಲ್ಲೇ ಒಟ್ಟು 811 ಜನ. ಪೈಲಟ್‌ಗಳ ಹೆಸರು ಎಲ್ಲ ಕಡೆ ಸಿಗುತ್ತದೆ; ಈ 700 ಜನರಲ್ಲಿ ಒಬ್ಬನ ಹೆಸರೂ ನನಗೆ ಬಾಯಿಗೆ ಬರುವುದಿಲ್ಲ.

ಮಗಳಿಗೆ ಇದನ್ನು ಹೇಳಿರಲಿಲ್ಲ. ಬೀಜ ಆಯ್ದು ಡಬ್ಬಿಗೆ ಹಾಕುತ್ತಿದ್ದವಳು ತಲೆ ಎತ್ತದೆ ಕೇಳಿದಳು: ‘ಅಪ್ಪಾ, ಇದ್ರಲ್ಲಿ ಆಗಿದ್ರೆ ನೀನು ಎಲ್ಲಿ ನಿಂತಿರ್ತಿದ್ದೆ?’

ಡೆಕ್ಕಿನ ರಟ್ಟು ಎತ್ತಿದೆ. ಕೆಳಗೆ, ನಡುವಿನ ಲಿಫ್ಟಿನ ಹಿಂದೆ, ಎರಡನೇ ಸಾಲಿನ ಕೇಟ್ ಪಕ್ಕ ಬೆರಳಿಟ್ಟೆ.