ಕನಸಿನಿಂದ ಕಥೆ ಎತ್ತಬೇಕಾ? ಮೊದಲು ಹಾಸಿಗೆಯಲ್ಲಿ ಅಲ್ಲಾಡಬೇಡಿ

ಹೌದು, ಅಲ್ಲಾಡಬೇಡಿ. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸಿ, ಫೋನ್ ಎತ್ತಿ, ವಾಟ್ಸಾಪ್‌ನಲ್ಲಿ ಬಂದ ನಾಲ್ಕು ಗುಡ್ ಮಾರ್ನಿಂಗ್ ಹೂವು ನೋಡಿದಿರೋ, ಕನಸು ಹೋಯಿತು ಅಂತಲೇ ಲೆಕ್ಕ. ಕಣ್ಣು ಮುಚ್ಚಿಕೊಂಡೇ, ಹೇಗೆ ಮಲಗಿದ್ದಿರೋ ಹಾಗೇ ಒಂದೆರಡು ನಿಮಿಷ ಇರಿ. ಕೊನೆಗೆ ಕಂಡದ್ದನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ: ಬಾಗಿಲು ಕಂಡಿತ್ತು, ಅದಕ್ಕೆ ಮೊದಲು ಯಾರೋ ಕರೆದರು, ಅದಕ್ಕೂ ಮೊದಲು ಎಲ್ಲಿದ್ದೆ? ಆಮೇಲೆ ಬರೆಯಿರಿ. ದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು. ಪೆನ್ನು ಬೇಡ, ಅಂಗಾತ ಮಲಗಿ ಬರೆದರೆ ಕೈಕೊಡುತ್ತದೆ.

ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಿಜವಾಗುವ ವಿಷಯ ಬಿಡಿ, ಬರೆಯುವವರಿಗೆ ಮಾತ್ರ ಆ ಹೊತ್ತೇ ಒಳ್ಳೆಯದು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಅದರಲ್ಲಿ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹಂತ ಒಂದಿದೆ, 1953ರಲ್ಲಿ ಷಿಕಾಗೊ ವಿಜ್ಞಾನಿಗಳು ವರದಿ ಮಾಡಿದ್ದು, ಈಗ ಆರ್‌ಇಎಂ ಅನ್ನುತ್ತಾರೆ. ಬೆಳಗಾಗುತ್ತಾ ಈ ಹಂತ ಉದ್ದವಾಗುತ್ತದೆ. ಕಥೆಯಂಥ ಕನಸುಗಳು ಜಾಸ್ತಿ ಬೀಳುವುದು ಇಲ್ಲೇ. ಹಾಗಾಗಿ ಭಾನುವಾರ ಅರ್ಧ ಗಂಟೆ ಮುಂಚೆ ಅಲಾರಂ ಇಟ್ಟು ನೋಡಿ. ದಿನಾ ಬೇಡ, ನಿದ್ದೆಗೆಟ್ಟು ನಾನಂತೂ ಒಂದು ಒಳ್ಳೆ ಸಾಲು ಬರೆದಿಲ್ಲ.

ಏನು ಬರೆಯಬೇಕು? ಎಡವುವುದು ಇಲ್ಲೇ. "ಏನೋ ಭಯ, ಯಾವುದೋ ಹಳೆ ಮನೆ" ಅಂತ ಗೀಚಿಟ್ಟರೆ ತಿಂಗಳಾದ ಮೇಲೆ ಅದು ಯಾವ ಕನಸು ಅಂತಲೂ ಗೊತ್ತಾಗುವುದಿಲ್ಲ. ಕಂಡ ಸಾಮಾನು, ಬಣ್ಣ, ಕೇಳಿದ ಮಾತು, ಇವನ್ನು ಬರೆಯಿರಿ. 12ನೇ ಶತಮಾನದ ಅಕ್ಕಮಹಾದೇವಿಯ ಕನಸಿನ ವಚನ ನೆನಪಿದೆ ಅಲ್ವಾ? ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಕಂಡೆ ಅಂತ ಶುರು ಮಾಡುತ್ತಾಳೆ. ಆಮೇಲೆ ಚಿಕ್ಕ ಚಿಕ್ಕ ಜಡೆಯ ಗೊರವ ಭಿಕ್ಷೆಗೆ ಬರುತ್ತಾನೆ, ಇವಳು ಬೆನ್ನಟ್ಟಿ ಹೋಗಿ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನ ಹೆಸರು ಬರುವ ಮೊದಲೇ ಮದುವೆ ಮನೆಯ ಸಾಮಾನು ಬಂದು ಕೂತಿದೆ. ಕನಸಿನ ಅರ್ಥ ಹೇಳೋಕೆ ಅವಳು ನಿಲ್ಲುವುದೇ ಇಲ್ಲ.

ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಇಷ್ಟೇ ಇದೆ: "ಅಜ್ಜಿ ಮನೆ ಒರಳು. ಒಳಗೆ ನೀರು, ನೀರಲ್ಲಿ ಮೀನು. ಅತ್ತೆ ರುಬ್ಬೋಕೆ ಕೂತಿದ್ದಾರೆ. ಮೀನಿದೆ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ." ಅವತ್ತೇ ಕಥೆ ಮಾಡೋಕೆ ಹೋಗಲಿಲ್ಲ. ನೀವೂ ಹೋಗಬೇಡಿ, ಎದ್ದ ಬಿಸಿಯಲ್ಲಿ ಎಲ್ಲ ಕನಸೂ ಅದ್ಭುತವಾಗೇ ಕಾಣುತ್ತದೆ. ಒಂದು ವಾರ ಬಿಟ್ಟು, ಹಗಲು ಹೊತ್ತಿನಲ್ಲಿ, ಪೊಲೀಸರ ಹಾಗೆ ಪ್ರಶ್ನೆ ಕೇಳಿ. ಮೀನು ಬಿಟ್ಟವರು ಯಾರು? ಅತ್ತೆಗೆ ಗೊತ್ತಿದ್ದೂ ರುಬ್ಬುತ್ತಿದ್ದಾರಾ? ನನಗೆ ಯಾಕೆ ಬಾಯಿ ಬರಲಿಲ್ಲ? ಈ ಮೂರನೇ ಪ್ರಶ್ನೆ ಕೆಲಸ ಮಾಡಿತು. ಮದುವೆಯ ಹಿಂದಿನ ರಾತ್ರಿ ಗಂಡಿನ ವಿಷಯ ಏನೋ ಗೊತ್ತಾಗಿಯೂ ಅತ್ತೆಗೆ ಹೇಳಲಾಗದ ಹುಡುಗಿಯೊಬ್ಬಳು ಸಿಕ್ಕಿದಳು. ಬರೆದು ಮುಗಿಸಿದಾಗ ಕಥೆಯಲ್ಲಿ ಮೀನೇ ಇರಲಿಲ್ಲ.

ಕನಸು ಪೂರ್ತಿ ಕಥೆ ಕೊಡುತ್ತದೆ ಅಂತ ಕಾಯುವವರಿಗೆ ಸ್ಕಾಟ್ಲೆಂಡಿನ ಕಾದಂಬರಿಕಾರ ಸ್ಟೀವನ್‌ಸನ್ ಮಾತು ಹೇಳಬೇಕು. 1886ರಲ್ಲಿ ಬಂದ ಜೆಕಿಲ್ ಮತ್ತು ಹೈಡ್ ಕಥೆ (ಜೆಕಿಲ್ ಎಂಬ ಮರ್ಯಾದಸ್ಥ ಡಾಕ್ಟರೇ ಮದ್ದು ಕುಡಿದು ಹೈಡ್ ಎಂಬ ದುಷ್ಟನಾಗುವ ಕಥೆ) ಅವನಿಗೆ ಕನಸಲ್ಲಿ ಸಿಕ್ಕಿತು ಅಂತ ಎಲ್ಲರೂ ಹೇಳುತ್ತಾರೆ. ಅವನೇ 1888ರಲ್ಲಿ ಬರೆದ ಪ್ರಕಾರ ಕನಸಲ್ಲಿ ಬಂದದ್ದು ಕಿಟಕಿಯ ಒಂದು ದೃಶ್ಯ, ಮತ್ತೆ ಅಟ್ಟಿಸಿಕೊಂಡು ಬಂದವರ ಎದುರೇ ಹೈಡ್ ಪುಡಿ ಕುಡಿದು ರೂಪ ಬದಲಿಸುವ ಇನ್ನೊಂದು. ಉಳಿದದ್ದೆಲ್ಲ ಎಚ್ಚರದಲ್ಲಿ ಕೂತು ಕಟ್ಟಿದ್ದು.

ಕನಸೇ ನೆನಪಿರಲ್ಲ ಅನ್ನುವವರಿಗೆ ಚಮಚದ ಉಪಾಯವಿದೆ. ಡಾಲಿ ಎಂಬ ಚಿತ್ರಕಾರ ಭಾರದ ಬೀಗದ ಕೈ ಹಿಡಿದು ಕುರ್ಚಿಯಲ್ಲಿ ತೂಕಡಿಸುವುದನ್ನು ಹೇಳಿಕೊಟ್ಟಿದ್ದ. ಕೆಳಗೊಂದು ತಟ್ಟೆ. ನಿದ್ದೆ ಹತ್ತಿದಾಗ ಕೈ ಸಡಿಲವಾಗಿ ಬೀಗದ ಕೈ ಬೀಳುತ್ತದೆ, ಠಣ್ ಅನ್ನುತ್ತದೆ, ಎಚ್ಚರವಾಗುತ್ತದೆ. 2021ರಲ್ಲಿ ಪ್ಯಾರಿಸ್‌ನ ಸಂಶೋಧಕರು ಇಂಥದ್ದೇ ಪ್ರಯೋಗ ಮಾಡಿದರು. ಆ ಮೊದಲ ಮಂಪರಿನಲ್ಲಿ ಕನಿಷ್ಠ 15 ಸೆಕೆಂಡ್ ಇದ್ದವರಲ್ಲಿ ಶೇ. 83 ಜನ ಒಂದು ಲೆಕ್ಕದ ಗುಟ್ಟು ಕಂಡುಹಿಡಿದರು, ಎಚ್ಚರವಿದ್ದವರಲ್ಲಿ ಶೇ. 30 ಮಾತ್ರ. ಗಾಢ ನಿದ್ದೆಗೆ ಜಾರಿದವರಿಗೆ ಈ ಲಾಭ ಸಿಗಲಿಲ್ಲ. ಮನೆಯಲ್ಲಿ ಸ್ಟೀಲ್ ತಟ್ಟೆ, ಚಮಚ ಸಾಕು. ಮುದ್ದೆ ಉಂಡು ಮಾತ್ರ ಕೂರಬೇಡಿ, ಚಮಚವಲ್ಲ, ಕೊಡ ಬಿದ್ದರೂ ಕೇಳಿಸುವುದಿಲ್ಲ.

ಬರೆದಾದ ಮೇಲೆ "ಕನಸು" ಎಂಬ ಪದ ಇದ್ದಲ್ಲೆಲ್ಲ ಹೊಡೆದುಹಾಕಿ, ನಿಜಕ್ಕೂ ನಡೆದ ಹಾಗೇ ಹೇಳಿ. "ಅಷ್ಟರಲ್ಲಿ ಎಚ್ಚರವಾಯಿತು" ಅಂತ ಮುಗಿಸಿದರೆ ಓದಿದವರು ಬೈಯುತ್ತಾರೆ. ಇನ್ನು ಮನೆಯವರು ಕನಸಿಗೆ ಬಂದಿದ್ದರೆ ಹೆಸರು, ಊರು, ಸಂಬಂಧ ಮೂರನ್ನೂ ಬದಲಿಸಿ. ನಾನು ಅತ್ತೆಯನ್ನು ದೊಡ್ಡಮ್ಮ ಮಾಡಿದೆ. ಈಗ ದೊಡ್ಡಮ್ಮ ಫೋನ್ ಮಾಡಿ, ಅದು ನಾನೇನಾ ಅಂತ ಕೇಳುತ್ತಿದ್ದಾರೆ.